ಮೊದಲು ಹೋಗುವುದು ಬಣ್ಣ

"ಫೋನಲ್ಲೇ ಆಗೋಗುತ್ತೆ ಬುಡಿ" ಎಂದು ಧೈರ್ಯ ಹೇಳಿದವನು ನಾನೇ. ಹಾಗೆ ಹೇಳಿ ಇನ್ನೂ ಟೀ ಕುಡಿದ ಲೋಟ ಆರಿರಲಿಲ್ಲ, ಊರಿನ ನಾಟಕದವರೆಲ್ಲ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

ಕ್ಯಾತನಹಳ್ಳಿಯಿಂದ ಇನ್ನೂ ಸ್ವಲ್ಪ ಒಳಕ್ಕಿರುವ ಊರು ಅದು. ಅಲ್ಲಿನ ಹಾಲಿನ ಡೇರಿಗೆ ಕ್ಯಾಮೆರಾ ಹಾಕಲು ನಾನು ಶ್ರೀರಂಗಪಟ್ಟಣದಿಂದ ಬಂದಿದ್ದೆ. ಅರ್ಧ ದಿನದ ಕೆಲಸ. ಮುಗಿಸಿಕೊಂಡು ಅರಕೆರೆಯ ಅಕ್ಕಿ ಗಿರಣಿಗೆ ಓಡಬೇಕಿತ್ತು. ನಾನು ಒಂದು ಕಡೆ ನೆಟ್ಟಗೆ ಕೂರುವವನಲ್ಲ. ಏಣಿ ಹತ್ತಿದಾಗ ಇಳಿಯುವ ಯೋಚನೆ, ಇಳಿದಾಗ ಮುಂದಿನ ಊರಿನ ಯೋಚನೆ. ಊಟಕ್ಕೆ ಕೂತಾಗಲೂ ನನ್ನ ಒಂದು ಕಾಲು ಹೊಸಿಲಾಚೆ ಇರುತ್ತದೆ ಎಂದು ಹೆಂಡತಿ ಬೈಯುತ್ತಾಳೆ. ಅಂಥವನನ್ನು ಡೇರಿಯ ಕಾರ್ಯದರ್ಶಿ ಕೈ ಹಿಡಿದು ನಿಲ್ಲಿಸಿಕೊಂಡರು. ಊರಿನ ನಾಟಕಕ್ಕೆ ಮ್ಯಾನೇಜರೂ ಅವರೇ.

ನಮ್ಮ ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. ಕಬ್ಬು ಬೆಳೆಯುವವರು, ಟ್ರಾಕ್ಟರು ಓಡಿಸುವವರು, ಡೇರಿಗೆ ಹಾಲು ಹಾಕುವವರು ತಮಗೊಪ್ಪಿದ ಪಾರ್ಟು ಹಿಡಿದು, ತಿಂಗಳುಗಟ್ಟಲೆ ಹಾಡು ಮಾತು ಕಲಿತು, ಒಂದು ದಿನ ಕಿರೀಟವಿಟ್ಟು ರಂಗಕ್ಕೆ ಏರುತ್ತಾರೆ. ರಾತ್ರಿಯಿಡೀ ಕೂರುವ ಜನ ಕಡಿಮೆಯಾದ ಮೇಲೆ ಈಗೀಗ ಹಗಲು ಹೊತ್ತಿನಲ್ಲೇ ಆಡುತ್ತಾರೆ. ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ಹಾರ್ಮೋನಿಯಮ್ಮನ್ನು ಇಲ್ಲಿ ಪೆಟ್ಟಿಗೆ ಅನ್ನುತ್ತಾರೆ, ಹಾಗಾಗಿ ಅವರು ಪೆಟ್ಟಿಗೆ ಮೇಷ್ಟ್ರು. ಈ ಊರಿನ ಮೇಷ್ಟ್ರು ನಾಟಕಕ್ಕೆ ಕೆಲವೇ ವಾರವಿರುವಾಗ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದರು. ಒಳಗೆ ರಾಡು ಹಾಕಿ ಕಳಿಸಿದ್ದ ಡಾಕ್ಟರು ಮಂಚ ಬಿಟ್ಟು ಅಲ್ಲಾಡಕೂಡದು ಎಂದಿದ್ದರು. ಮಂಚದ ಸಮೇತ ಹೊತ್ತು ತರುತ್ತೇವೆ ಎಂದು ಹೋದ ಗಟ್ಟಿ ಆಳುಗಳಿಗೆ ಮೇಷ್ಟ್ರ ಮಗಳು ಬಾಗಿಲಲ್ಲೇ ಅಡ್ಡ ನಿಂತು, "ನಮ್ಮಪ್ಪ ಏನ್ ಉತ್ಸವಮೂರ್ತಿನಾ, ಒತ್ಕೊಂಡೋಗಕ್ಕೆ? ಓಗ್ರಪ್ಪ" ಎಂದು ಕಳಿಸಿದ್ದಳಂತೆ. ನಾಟಕ ಮುಂದಕ್ಕೆ ಹಾಕುವಂತೆಯೂ ಇರಲಿಲ್ಲ. ನಾಲೆಗೆ ನೀರು ಬಿಟ್ಟರೆ ಪಾರ್ಟುದಾರರೆಲ್ಲ ಗದ್ದೆಗೆ ಇಳಿಯುತ್ತಾರೆ, ಆಮೇಲೆ ಯಾರನ್ನೂ ಹಿಡಿಯಲಾಗುವುದಿಲ್ಲ.

ಮೇಷ್ಟ್ರ ಮನೆ ಊರಿನ ಒಂದು ತುದಿ, ನಾಟಕದ ಬಯಲು ಇನ್ನೊಂದು ತುದಿ. ಬಯಲಲ್ಲಿ ನಡೆಯುವುದನ್ನು ಮಂಚದ ಮೇಲೆ ತೋರಿಸಿ, ಮಂಚದ ಮೇಲೆ ನುಡಿಸಿದ್ದನ್ನು ಬಯಲಲ್ಲಿ ಕೇಳಿಸಬೇಕು. ಮ್ಯಾನೇಜರು ಕೇಳಿದ್ದು ಅಷ್ಟೇ. ನಾನು ಎರಡು ಫೋನು ಹಿಡಿದು ವೀಡಿಯೋ ಕಾಲ್ ಹಾಕಿದೆ.

ನಾಟಕದ ಮುಖ್ಯ ಪಾತ್ರಕ್ಕೆ ರಾಜಪಾರ್ಟು ಅನ್ನುತ್ತಾರೆ. ಇಲ್ಲಿನ ರಾಜಪಾರ್ಟು ಐವತ್ತು ದಾಟಿದ ರೈತ, ಒಳ್ಳೆ ಗಂಟಲು, ಮೊದಲ ಸಲ ದೊಡ್ಡ ಪಾತ್ರ. ಅವರು ಆಲಾಪ ತೆಗೆದರು. ಅದು ಮೇಷ್ಟ್ರ ಫೋನು ತಲುಪುವುದರಲ್ಲಿ ಒಂದು ಚಿಟಿಕೆ ತಡ. ಮೇಷ್ಟ್ರು ಒತ್ತಿದ ಸ್ವರ ವಾಪಸು ಬರುವುದರಲ್ಲಿ ಇನ್ನೊಂದು ಚಿಟಿಕೆ. ಸ್ವರ ಬರಲೆಂದು ರಾಜಪಾರ್ಟು ಕಾದರು. ಅವರು ನಿಂತದ್ದು ಕಂಡು ಮೇಷ್ಟ್ರೂ ಕಾದರು. ಹಾಡು ಕೆಸರಿಗಿಳಿದ ಗಾಡಿಯ ಹಾಗೆ ನಿಂತುಕೊಂಡಿತು. ತಬಲದವನು ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಸಾಬ್ರೇ, ಮೇಷ್ಟ್ರು ಪಕ್ಕದೂರಲ್ ಕುಂತು ನುಡಿಸ್ದಂಗೈತಲ್ಲ" ಎಂದರು ರಾಜಪಾರ್ಟು. ಕೋಪವಿರಲಿಲ್ಲ, ಹೆದರಿಕೆಯಿತ್ತು.

ಫೋನು ಚಿತ್ರವನ್ನು ಗಂಟು ಕಟ್ಟಿ, ಎಲ್ಲೆಲ್ಲೋ ಕಳಿಸಿ, ವಾಪಸು ತಂದು ಬಿಚ್ಚುತ್ತದೆ. ಎದುರು ಮನೆಗೆ ಹೋಗಲು ಮೈಸೂರಿಗೆ ಹೋಗಿ ಬಂದ ಹಾಗೆ. ಮಾತಾಡುವವರಿಗೆ ಇದು ಗೊತ್ತಾಗುವುದಿಲ್ಲ, ಹಾಡುವವರಿಗೆ ಗೊತ್ತಾಗುತ್ತದೆ. ವೈಫೈ ಕ್ಯಾಮೆರಾದಲ್ಲೂ ಇದೇ ಕತೆ. ತಡವೇ ಇಲ್ಲದೆ ಚಿತ್ರ ಹೋಗಬೇಕೆಂದರೆ ಹಳೆಯ ಅನಲಾಗ್ ಕ್ಯಾಮೆರಾ, ಹಳೆಯ ಕೇಬಲ್ಲು, ಹಳೆಯ ಡಬ್ಬಾ ಟೀವಿ. ಈಗಿನ ಚಪ್ಪಟೆ ಟೀವಿ ಕೂಡ ಚಿತ್ರವನ್ನು ಒಂದು ಕ್ಷಣ ಇಟ್ಟುಕೊಂಡೇ ಬಿಡುತ್ತದೆ.

ಬರೀ ಧ್ವನಿ ಕಳಿಸಿದರೆ ಸಾಲದೇ ಎಂದು ಕೇಳಲು ನಾನು ಮೇಷ್ಟ್ರ ಮನೆಗೆ ಹೋದೆ. ಬೇಗ ಮುಗಿಸುವ ಆಸೆ ನನಗೆ. ಮೇಷ್ಟ್ರು ದಿಂಬಿಗೆ ಒರಗಿದ್ದರು, ಪೆಟ್ಟಿಗೆ ಅಡ್ಡಮಣೆಯ ಮೇಲಿತ್ತು. ಗಾಳಿ ತುಂಬುವ ತಿದಿ ಒತ್ತಲು ಅವರಿಗೆ ಕೈ ಎಟುಕದು, ಒತ್ತುವವಳು ಮಗಳು. ಅವಳು ಊರಿನ ಟೈಲರು, ಹೊಲಿಗೆ ಮಿಷನ್ನು ಅದೇ ಕೋಣೆಯಲ್ಲಿತ್ತು.

"ಕಿವಿ ಸಾಲ್ದು ಸಾಬ್ರೇ" ಎಂದರು ಮೇಷ್ಟ್ರು. "ಆ ನನ್ ಮಗ ಒಂದಿನ ಎತ್ತಿದ್ ಮನೆ ಇನ್ನೊಂದಿನ ಎತ್ತಕ್ಕಿಲ್ಲ." ಪೆಟ್ಟಿಗೆಯ ಒಂದೊಂದು ಕೀಲಿಗೆ ಮನೆ ಎನ್ನುವುದು ಅವರ ರೂಢಿ. ರಾಜಪಾರ್ಟು ಖುಷಿಯಾದರೆ ಒಂದು ಮನೆ ಮೇಲಕ್ಕೆ, ಹೆದರಿದರೆ ಒಂದು ಮನೆ ಕೆಳಕ್ಕೆ ಹಾಡುತ್ತಾರೆ. ಬಾಯಿ ಬಿಡುವ ಮೊದಲು ಅವರ ಎದೆ ಉಬ್ಬುವುದು, ಗಂಟಲ ನರ ಎದ್ದು ನಿಲ್ಲುವುದು, ಇವನ್ನು ನೋಡಿಕೊಂಡು ಮೇಷ್ಟ್ರು ಆ ಮನೆಗೆ ಮೊದಲೇ ಹೋಗಿ ಕೂತಿರುತ್ತಾರೆ. ಹಾಡಿದವನಿಗೂ ತಾನು ತಪ್ಪಿದ್ದು ಗೊತ್ತಾಗುವುದಿಲ್ಲ.

ಹೊರಗೆ ಬಂದಾಗ ಮಗಳು ಹಿಂದೆಯೇ ಬಂದಳು. "ನಾನಿಲ್ದೆ ಈ ನಾಟ್ಕ ಆಗೋಯ್ತು ಅಂದ್ರೆ ಪೆಟ್ಗೆ ಯಾರಿಗಾರ ಕೊಟ್ಬುಡು ಅಂದವ್ನೆ ನಮ್ಮಪ್ಪ. ನೆನ್ನೆಯಿಂದ ಸರ್ಯಾಗಿ ಉಂಡಿಲ್ಲ. ಮೂಳೆ ಕೂಡ್ಕಂಡ್ರೂ ಎದ್ದೇಳಕ್ಕಿಲ್ಲ, ಅಂಗಾಡ್ತಾವ್ನೆ."

ಅಕ್ಕಿ ಗಿರಣಿಗೆ ನಾಳೆ ಬರುತ್ತೇನೆ ಎಂದು ಫೋನು ಮಾಡಿದೆ. ಗಿರಣಿಯವರು ಖುಷಿಪಡಲಿಲ್ಲ.

ಹಳೆಯ ಅನಲಾಗ್ ಕ್ಯಾಮೆರಾ ನನ್ನ ಚೀಲದಲ್ಲೇ ಇತ್ತು, ಅದನ್ನು ರಂಗದ ಅಂಚಿಗೆ ಕೂರಿಸಿದೆ. ಹೊಸ ಕೇಬಲ್ಲು ಅಷ್ಟುದ್ದ ನನ್ನ ಬಳಿ ಇರಲಿಲ್ಲ. ಆದರೆ ಊರಿನ ಕಂಬಗಳ ಮೇಲೆ ಸತ್ತ ಕೇಬಲ್ ಟೀವಿ ಲೈನು ಇನ್ನೂ ನೇತಾಡುತ್ತಿತ್ತು. ಮನೆಮನೆಗೂ ಡಿಶ್ ಬಂದ ಮೇಲೆ ಯಾರೂ ಅದನ್ನು ಬಿಚ್ಚಿರಲಿಲ್ಲ. ಬಯಲ ಪಕ್ಕದ ಕಂಬದಿಂದ ಹಿತ್ತಲುಗಳ ಹಿಂದೆ ಸುತ್ತಿ ಅದು ಮೇಷ್ಟ್ರ ಬೀದಿಗೆ ಹೋಗುತ್ತಿತ್ತು. ದಾರಿಯಲ್ಲಿ ಮನೆಗಳಿಗೆ ಲೈನು ಒಡೆದುಕೊಟ್ಟಿದ್ದ ಡಬ್ಬಿಗಳಿದ್ದವು. ಅವು ಟೀವಿ ಚಾನೆಲ್ಲುಗಳನ್ನು ಬಿಡುತ್ತವೆ, ಕ್ಯಾಮೆರಾದ ಹಸಿ ಚಿತ್ರವನ್ನು ಬಿಡುವುದಿಲ್ಲ. ಸಂಜೆ ಏಣಿ ಹೊತ್ತು ಕಂಬದಿಂದ ಕಂಬಕ್ಕೆ ಹೋಗಿ ಒಂದೊಂದನ್ನೂ ಕಿತ್ತು, ಎರಡು ತುದಿಗೂ ಕನೆಕ್ಟರು ಹಾಕಿ ನೇರ ಜೋಡಿಸಿದೆ. ರಂಗದ ಹಾಡು ಮೇಷ್ಟ್ರಿಗೆ ಹೋಗಲು, ಪೆಟ್ಟಿಗೆಯ ಧ್ವನಿ ಬಯಲಿಗೆ ಬರಲು ಮೈಕ್ ಸೆಟ್ಟಿನವರ ಜೋಡಿ ತಂತಿ ಬೇರೆಯಾಗಿ ಎಳೆದೆ. ಧ್ವನಿ ಉದ್ದ ತಂತಿಗೆ ಅಷ್ಟಾಗಿ ಹೆದರುವುದಿಲ್ಲ, ಅದು ಮೊದಲ ಸಲಕ್ಕೇ ಸರಿಹೋಯಿತು.

ಚಿತ್ರ ಹೆದರುತ್ತದೆ. ಅಟ್ಟದಿಂದ ಇಳಿಸಿದ ಮೇಷ್ಟ್ರ ಡಬ್ಬಾ ಟೀವಿಯಲ್ಲಿ ಮೊದಲು ಕಂಡದ್ದು ಗಂಜಿಯಲ್ಲಿ ಮುಖ ನೋಡಿಕೊಂಡಂಥ ಒಂದು ಬೂದು ನೆರಳು, ಅದೂ ಮೇಲಕ್ಕೆ ಉರುಳುತ್ತಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಚಿತ್ರದ ಸಿಗ್ನಲಿನಲ್ಲಿ ಮೆಲ್ಲಗೆ ಅಲ್ಲಾಡುವ ಭಾಗ, ಜೋರಾಗಿ ಅಲ್ಲಾಡುವ ಭಾಗ ಎರಡೂ ಇರುತ್ತವೆ. ದೊಡ್ಡ ಬೆಳಕು ನೆರಳೆಲ್ಲ ಮೆಲ್ಲಗಿನದು. ತುಟಿಯ ಅಂಚು, ಗಂಟಲ ನರ, ಇವು ಜೋರಿನವು. ಬಣ್ಣವಂತೂ ಜೋರಿನ ತುತ್ತತುದಿಯಲ್ಲಿ ಕೂತಿರುತ್ತದೆ. ಉದ್ದ ತಂತಿ ಮೆಲ್ಲಗಿನದನ್ನು ಸ್ವಲ್ಪ ತಿಂದರೆ ಜೋರಿನದನ್ನು ಪೂರಾ ತಿನ್ನುತ್ತದೆ. ಅದಕ್ಕೇ ಮೊದಲು ಹೋಗುವುದು ಬಣ್ಣ. ಮೇಷ್ಟ್ರಿಗೆ ಬಣ್ಣ ಬೇಕಿರಲಿಲ್ಲ, ಆದರೆ ನನಗೆ ಬೇಕಿತ್ತು. ಬಣ್ಣ ತಲುಪಿತು ಎಂದರೆ ನರವೂ ತಲುಪಿತು ಎಂದು ಅರ್ಥ.

ಕೆ.ಆರ್. ಪೇಟೆಯಲ್ಲಿ ಹಿಂದೆ ಕೇಬಲ್ ನಡೆಸುತ್ತಿದ್ದ ಒಬ್ಬರಿದ್ದಾರೆ, ಈಗ ಟೈರ್ ಅಂಗಡಿ. ಮರುದಿನ ಗಿರಣಿ ತಪ್ಪಿಸಿ ಬೈಕು ಹತ್ತಿ ಹೋಗಿ, ಚಿತ್ರವನ್ನು ಚಾನೆಲ್ಲಿನ ಹಾಗೆ ಮಾಡಿ ಕಳಿಸುವ ಮಾಡ್ಯುಲೇಟರಿಗೆಂದು ಅವರ ಗೋಡೌನಿನ ಧೂಳಿನಲ್ಲಿ ಹುಡುಕಿದೆ. "ಮಾಡ್ಯುಲೇಟ್ರು ಸುಟ್ಟೋಗಿ ಯಾವ್ ಕಾಲಾಯ್ತೋ, ಇದೊಂದೈತೆ ನೋಡು" ಎಂದು ಅಂಗೈಯಗಲದ ಒಂದು ವೀಡಿಯೋ ಬೂಸ್ಟರು ಕೊಟ್ಟರು. ಎರಡು ಗುಂಡಿ. ಒಂದು ಇಡೀ ಸಿಗ್ನಲನ್ನು ಎತ್ತುತ್ತದೆ. ಇನ್ನೊಂದು ಜೋರಿನ ಭಾಗವನ್ನಷ್ಟೇ ಎತ್ತುತ್ತದೆ. ನನಗೆ ಬೇಕಿದ್ದದ್ದು ಎರಡನೆಯದು.

ಸಂಜೆಗೆ ವಾಪಸು ಬಂದು ಅವಸರದಲ್ಲಿ ಅದನ್ನು ಮೇಷ್ಟ್ರ ಕೋಣೆಯಲ್ಲಿ, ಟೀವಿಯ ಪಕ್ಕದಲ್ಲೇ ಹಾಕಿದೆ. ಗುಂಡಿ ತಿರುಗಿಸುತ್ತ ಚಿತ್ರ ನೋಡಬಹುದಲ್ಲ ಎಂಬ ಆಸೆ. ಉರುಳುವುದು ನಿಂತಿತು. ಜೋರಿನ ಗುಂಡಿ ಏರಿಸಿದಂತೆ ಅಂಚು ಬಂತು, ಅಂಚಿನ ಜೊತೆ ಪರದೆಯ ತುಂಬ ಬಿಳಿ ಹುಳ ಬಂದವು. ಉದ್ದ ದಾರಿ ಸವೆಸಿ ಬಂದ ಸಿಗ್ನಲು ಸಣಕಲಾಗಿರುತ್ತದೆ. ದಾರಿಯಲ್ಲಿ ಮೆತ್ತಿಕೊಂಡ ಕಸ ಅದರ ಪಕ್ಕದಲ್ಲೇ ಇರುತ್ತದೆ. ಕೊನೆಯಲ್ಲಿ ಎತ್ತಿದರೆ ಎರಡೂ ಏಳುತ್ತವೆ.

"ಕಣ್ ನೋವು ಬತ್ತದೆ ಸಾಬ್ರೇ, ಇರುವೆ ಮುತ್ಕೊಂಡಂಗೈತೆ" ಎಂದು ಮೇಷ್ಟ್ರು ಮುಖ ತಿರುಗಿಸಿದರು.

ಬೂಸ್ಟರು ಕಿತ್ತುಕೊಂಡು ಬಯಲಿಗೆ ಓಡಿದೆ. ಹೊರಡುವ ತುದಿಯಲ್ಲೇ, ಕ್ಯಾಮೆರಾದ ಬೆನ್ನಿಗೇ ಅದನ್ನು ಹಾಕಿದರೆ, ತಂತಿ ತಿನ್ನುವಷ್ಟನ್ನು ಮೊದಲೇ ಮೇಲಿಟ್ಟು ಕಳಿಸಿದ ಹಾಗೆ. ತಿಂದು ಉಳಿದದ್ದು ಸರಿಯಾದ ಚಿತ್ರ. ತೊಂದರೆ ಒಂದೇ: ಗುಂಡಿ ಈ ತುದಿಯಲ್ಲಿ, ಚಿತ್ರ ಆ ತುದಿಯಲ್ಲಿ. ಎಷ್ಟು ತಿರುಗಿಸಬೇಕೆಂದು ಯಾರಾದರೂ ಹೇಳಬೇಕು. ಮ್ಯಾನೇಜರ ಹೆಗಲ ಮೇಲೆ ಒಂದು ಕಡೆ ಕೆಂಪು ಟವೆಲು, ಇನ್ನೊಂದು ಕಡೆ ಹಸಿರು ಟವೆಲು ಹಾಕಿ ಕ್ಯಾಮೆರಾ ಮುಂದೆ ನಿಲ್ಲಿಸಿದೆ. ಆ ಕಡೆ ಮೇಷ್ಟ್ರ ಮಗಳು ಫೋನು ಹಿಡಿದು ಕೂತಳು.

"ಎಂಗ್ ಕಾಣ್ತಾವೆ?"

"ಎರಡೂ ಬೂದಿ."

ತಿರುಗಿಸಿದೆ. "ಈಗ?"

"ಎಡ್ಗಡೇದು ಇಟ್ಟಿಗೆ ಪುಡಿ ಥರ. ಬಲ್ಗಡೆ ಇನ್ನೂ ಬೂದಿನೇ."

ಇನ್ನಷ್ಟು. "ಈಗ?"

"ಇದು ಕೆಂಪಲ್ಲ ಅಣ್ಣ, ಮಾಸಿದ್ ಕುಂಕುಮ. ಇನ್ನೊಸಿ. ಆಂ, ದಾಸವಾಳ. ಅಸ್ರು ಎಳೆ ಬಾಳೆಲೆ. ಸಾಕು ನಿಲ್ಸು."

ನನ್ನ ಬಳಿ ಇದ್ದ ಯಾವ ಮೀಟರಿಗಿಂತಲೂ ಇದು ವಾಸಿ. ದಿನವೂ ರವಿಕೆಗೆ ನೂಲು ಹೊಂದಿಸುವವಳಿಗೆ ದಾಸವಾಳಕ್ಕೂ ಕುಂಕುಮಕ್ಕೂ ವ್ಯತ್ಯಾಸ ಹೇಳಿಕೊಡಬೇಕೇ? ರಾಜಪಾರ್ಟು ಬಂದು ಹಾಡಿದರು. ಪೆಟ್ಟಿಗೆ ಅವರ ಬೆನ್ನಿಗೇ ನಿಂತ ಹಾಗೆ ಬಂತು. ತಬಲದವನು ತಲೆ ಆಡಿಸಿಕೊಂಡು ಬಾರಿಸಿದ. ಅವತ್ತು ನಾನು ಬೈಕಿನಲ್ಲಿ ಮನೆಗೆ ಹೋಗುವಾಗ ನನಗೇ ಗೊತ್ತಿಲ್ಲದೆ ಅದೇ ಹಾಡು ಗುನುಗುತ್ತಿದ್ದೆ.

ಮಾರನೆಯ ದಿನ ಅರಕೆರೆಯ ಗಿರಣಿಯಲ್ಲಿ ಏಣಿಯ ಮೇಲಿದ್ದೆ. ಮಧ್ಯಾಹ್ನದೊಳಗೆ ಫೋನು. "ಅಣ್ಣ, ದಾಸವಾಳ ಒಂಟೋಯ್ತು" ಎಂದಳು ಮೇಷ್ಟ್ರ ಮಗಳು.

ಏಣಿ ಇಳಿದು ಓಡಿದೆ. ಗುಂಡಿ ಏರಿಸಿದೆ, ಬಣ್ಣ ಅರೆಬರೆ ಬಂತು. ಇನ್ನೊಂದು ದಿನ ಬೆಳಿಗ್ಗೆ ಅದೇ ಗುಂಡಿಗೆ ಚಿತ್ರ ಕಣ್ಣಿಗೆ ಹೊಡೆಯುವಷ್ಟು ಗಾಢ, ಹತ್ತು ಹನ್ನೊಂದರ ಹೊತ್ತಿಗೆ ಮತ್ತೆ ಬೂದಿ. ಸಂಜೆಗೆ ತಾನಾಗಿ ಸರಿ. ಬಿಸಿಲಿಗೆ ಬೂಸ್ಟರು ಕಾಯುತ್ತಿದೆ ಎಂದುಕೊಂಡು ನೆರಳು ಕಟ್ಟಿ ಒದ್ದೆ ಗೋಣಿ ಹೊದಿಸಿದೆ. ಪ್ರಯೋಜನವಾಗಲಿಲ್ಲ. ಕ್ಯಾಮೆರಾ ಬದಲಾಯಿಸಿದೆ, ಅಡಾಪ್ಟರು ಬದಲಾಯಿಸಿದೆ. ಬಿಸಿಲಿಗೆ ತಂತಿಯೇ ಹೆಚ್ಚು ತಿನ್ನುತ್ತಿದೆಯೇನೋ ಎಂದು ಲೆಕ್ಕ ಹಾಕಿದೆ. ಅಷ್ಟು ತಿನ್ನಲು ಅದೇನು ಕಾದ ಹೆಂಚೇ. ನಾಟಕ ಆಡುವುದು ಹಗಲಲ್ಲಿ, ಚಿತ್ರ ಹಾಳಾಗುವುದೂ ಹಗಲಲ್ಲೇ. ಗಿರಣಿಯವರ ಫೋನು ಎತ್ತುವುದನ್ನೇ ಬಿಟ್ಟೆ. ಹೆಂಡತಿ "ಕಬ್ ಆರೇ ಜೀ?" ಎಂದು ಬರುವ ಹೊತ್ತು ಕೇಳಿದ್ದಕ್ಕೂ ಸಿಡುಕಿದೆ. ತಬಲದವನು ತಮಾಷೆಗೆ "ಸಾಬ್ರೇ, ಮೋಡ ಕಟ್ಟುಸ್ಬುಡಿ" ಎಂದದ್ದಕ್ಕೆ ಅವನನ್ನೂ ಬೈದೆ. ಅವನು ಎದ್ದು ಹೋದ.

ನಾಟಕಕ್ಕೆ ಒಂದು ದಿನ ಇದೆ ಅನ್ನುವಾಗ ಮ್ಯಾನೇಜರು ನನ್ನನ್ನು ಡೇರಿಯ ಹಿಂದಕ್ಕೆ ಕರೆದರು.

"ನಾಗಮಂಗಲದಿಂದ ಒಬ್ರು ಕೀಬೋರ್ಡ್ ಮೇಷ್ಟ್ರುಗೆ ಯೋಳಿವ್ನಿ. ನಾಳೀಕೆ ಬತ್ತಾರೆ" ಎಂದರು. ಆಮೇಲೆ ನೆಲ ನೋಡಿಕೊಂಡು, "ಇನ್ನ ನೀವೇ ಓಗಿ ಮೇಷ್ಟ್ರುಗೆ ಒಂದ್ ಮಾತ್ ಯೋಳ್ಬುಡಿ ಸಾಬ್ರೇ. ಲೈನು ಆಗಕ್ಕಿಲ್ಲ ಅಂತವ. ನಾವ್ ಯೋಳುದ್ರೆ ಕೈಬುಟ್ರು ಅನ್ಕತ್ತಾರೆ. ನೀವ್ ಯೋಳುದ್ರೆ ಮಿಷಿನ್ ಕತೆ ಅಂತ ನಂಬ್ತಾರೆ."

"ರಾಜಪಾರ್ಟು?"

"ಅವ್ನು ಆಡಕ್ಕಿಲ್ಲ ಅಂತ ಕುಂತವ್ನೆ. ನಾಳೆ ಜನ ಸೇರುದ್ರೆ ಎದ್ದೇಳ್ತಾನೆ."

ನಿಜ ಹೇಳಬೇಕೆಂದರೆ ನನಗೆ ಹಗುರವಾಯಿತು. ಮಾತು ಸುಳ್ಳೂ ಆಗಿರಲಿಲ್ಲ, ಲೈನು ಆಗಿರಲಿಲ್ಲ. ಐದು ನಿಮಿಷದ ಮಾತು, ಆಮೇಲೆ ಬೈಕು ಹತ್ತಿದರೆ ಅರಕೆರೆ. ಆಯಿತು ಎಂದು ಹೊರಟೆ.

ಬೀದಿಯಲ್ಲಿ ಹೋದರೆ ಬೇಗ ತಲುಪುತ್ತಿದ್ದೆ. ಹಾಗೆ ತಲುಪಿ ಆ ಮಾತು ಹೇಳುವುದನ್ನು ನೆನೆದರೆ ಕಾಲು ಮುಂದೆ ಹೋಗಲಿಲ್ಲ. ಪೆಟ್ಟಿಗೆ ಯಾರಿಗೋ ಕೊಟ್ಟುಬಿಡು ಎಂದ ಮನುಷ್ಯನ ಮುಂದೆ ನಿಂತು ತಂತಿಯ ಕತೆ ಹೇಳಬೇಕು. ಇನ್ನೊಂದು ಸಲ ಲೈನಿನ ಜೊತೆಗೇ ನಡೆದು ಹೋಗುತ್ತೇನೆ, ಆಗಲೂ ಏನೂ ಸಿಗದಿದ್ದರೆ ಹೇಳುತ್ತೇನೆ ಎಂದುಕೊಂಡು ಹಿತ್ತಲುಗಳ ಕಡೆ ತಿರುಗಿದೆ. ನಾನು ಆ ಲೈನನ್ನು ನೋಡಿದ್ದು ಸಂಜೆ, ಅದೂ ಕಂಬಗಳನ್ನಷ್ಟೇ. ಹಗಲಿನಲ್ಲಿ, ಕೆಳಗಿನಿಂದ ನೋಡಿರಲಿಲ್ಲ.

ನಾಲ್ಕಾರು ಹಿತ್ತಲು ದಾಟಿರಬೇಕು. ಒಂದು ನುಗ್ಗೆಮರದ ಪಕ್ಕದಲ್ಲಿ ನನ್ನ ಲೈನು ಕೈಗೆಟುಕುವಷ್ಟು ಕೆಳಗೆ ಬಂದಿತ್ತು. ಅದರ ಮೇಲೆ ಒಂದು ಒದ್ದೆ ಜಮಖಾನ, ಎರಡು ಕಂಬಳಿ, ಮಂಚದ ಹಾಸು. ಒಬ್ಬಾಕೆ ಇನ್ನೊಂದು ಕಂಬಳಿ ಹಿಂಡಿ ಅದರ ಮೇಲೆ ಎಸೆದರು. ತಂತಿ ಬಿಲ್ಲಿನ ಹಾಗೆ ಬಗ್ಗಿತು. ಅತ್ತ ಕಂಬದ ಮೇಲೆ ನಾನು ಹಾಕಿದ್ದ ಕನೆಕ್ಟರು ವಾಲಿಕೊಂಡಿತು.

"ಅಕ್ಕ, ಇದ್ರ ಮೇಲ್ ಯಾಕ್ ಆಕ್ತೀರಿ?"

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಇನ್ನೆಲ್ ಆಕ್ಲಿ? ಕೇಬ್ಲೋರು ಓದಾಗಿಂದ ಇದು ನಮ್ ಬಟ್ಟೆ ತಂತಿನೇಯ. ನಾಟ್ಕಕ್ಕೆ ನೆಂಟ್ರು ಬತ್ತಾವ್ರೆ, ಮನೇಲಿರೋದೆಲ್ಲ ಒಗ್ದಾಕ್ತಾವ್ನಿ. ಇಡೀ ಕೇರಿನೇ ಒಗೀತಾ ಕುಂತದೆ, ನೋಡ್ ಓಗಿ."

ನೋಡಿದೆ. ಮುಂದಿನ ಹಿತ್ತಲಲ್ಲಿ ಸೀರೆಗಳು. ಅದರಾಚೆ ರಗ್ಗು. ನಾಟಕ ಹತ್ತಿರ ಬಂದಂತೆ ನನ್ನ ಲೈನಿನ ಮೇಲೆ ಒಗೆದ ಬಟ್ಟೆ ಹೆಚ್ಚುತ್ತಾ ಹೋಗಿತ್ತು. ಹತ್ತು ಗಂಟೆಗೆ ಹಾಕುತ್ತಾರೆ, ಸಂಜೆ ತೆಗೆಯುತ್ತಾರೆ. ಸೂರ್ಯನನ್ನು ಸುಮ್ಮನೆ ಬೈದಿದ್ದೆ.

ಕಂಬ ಹತ್ತಿ ನೋಡಿದರೆ ಎಲ್ಲ ತಿಳಿಯಿತು. ಈ ಕೇಬಲ್ಲಿನಲ್ಲಿ ನಡುವೆ ಒಂದು ತಂತಿ, ಅದರ ಸುತ್ತ ತಂತಿಯ ಜಾಲರಿ. ಎರಡೂ ಸೇರಿದರೇ ದಾರಿ. ಭಾರಕ್ಕೆ ಜಾಲರಿ ಕನೆಕ್ಟರಿನಿಂದ ಜಾರಿ ಹೊರಬಂದು ನಡುವಿನ ತಂತಿಯಷ್ಟೇ ಹಿಡಿದುಕೊಂಡಿತ್ತು. ಬಟ್ಟೆ ಒಣಗಿ ಹಗುರಾದಾಗ ಜಾಲರಿ ಮತ್ತೆ ತಾಗುತ್ತಿತ್ತು. ನಾನು ಇಷ್ಟು ದಿನ ಗುಂಡಿ ತಿರುಗಿಸಿ ತುಂಬಿಕೊಡಲು ಹೊರಟದ್ದು ತಂತಿಯ ಉದ್ದ ತಿಂದದ್ದನ್ನಲ್ಲ, ಕಡಿದುಹೋದದ್ದನ್ನು. ಕಡಿದದ್ದನ್ನು ಗುಂಡಿ ತುಂಬಿಕೊಡುವುದಿಲ್ಲ.

ಮ್ಯಾನೇಜರಿಗೆ ಫೋನು ಮಾಡಿದೆ. "ನಾನು ಮೇಷ್ಟ್ರಿಗೆ ಏನೂ ಹೇಳಲ್ಲ. ನಾಗಮಂಗಲದವರಿಗೆ ನೀವೇ ಬೇಡ ಅಂದುಬಿಡಿ."

"ಆಗ್ದೆ ಓದ್ರೆ ಸಾಬ್ರೇ?"

"ಆಗ್ದೆ ಓದ್ರೆ ಬೈಸ್ಕೊಳಕ್ಕೆ ನಾನಿವ್ನಿ. ನೈಲಾನ್ ಹಗ್ಗ ಕಳ್ಸಿ, ಎಷ್ಟಿದ್ರೆ ಅಷ್ಟು."

ಬಿಸಿಲು ಇಳಿಯುವವರೆಗೂ ಅದೇ ಕೆಲಸ. ಒಂದೊಂದು ಹಿತ್ತಲಲ್ಲೂ ಮೊದಲು ಬಟ್ಟೆಗೆ ಹಗ್ಗ ಕಟ್ಟಿಕೊಟ್ಟೆ, ಆಮೇಲೆ ಲೈನು ಮೇಲೆತ್ತಿ, ಕಂಬಗಳ ನಡುವೆ ಎಳೆದ ಜಿಐ ಕಬ್ಬಿಣದ ತಂತಿಗೆ ಬಿಗಿದೆ. ಎಲ್ಲ ಕನೆಕ್ಟರನ್ನೂ ಕತ್ತರಿಸಿ ಹೊಸದು ಹಾಕಿ, ಎಳೆದು ನೋಡಿ, ರಬ್ಬರು ಟೇಪು ಸುತ್ತಿದೆ. ನಾನು ಬೈದಿದ್ದ ತಬಲದವನೇ ಬಂದು ಏಣಿ ಹಿಡಿದುಕೊಂಡ. ಅವನಿಗೆ ಒಂದು ಬೀಡಿ ಕೊಟ್ಟೆ.

ಕೊನೆಯ ಗಂಟು ಹಾಕಿ ಕೇಳಿದರೆ ಮೇಷ್ಟ್ರ ಮಗಳು, "ಅಯ್ಯಪ್ಪ, ಕಣ್ ಕುಕ್ತದೆ. ಎಲ್ಲಾದ್ರ ಅಂಚ್ಗೂ ಬಿಳಿ ಜರಿ ಒಲ್ದಂಗೈತೆ" ಎಂದಳು. ಸರಿಯೇ. ಕಡಿದ ಲೈನಿಗೆಂದು ಏರಿಸಿದ್ದ ಗುಂಡಿ ಗಟ್ಟಿ ಲೈನಿಗೆ ಅತಿಯಾಗಿತ್ತು. ಇಳಿಸುತ್ತಾ ಬಂದೆ. ಜರಿ ಹೋಗಿ, ದಾಸವಾಳ ನಿಂತು, ಬಾಳೆಲೆ ನಿಂತ ಜಾಗಕ್ಕೆ ಗುಂಡಿಯ ಮೇಲೆ ಟೇಪು ಅಂಟಿಸಿದೆ. ಅರ್ಧಕ್ಕಿಂತ ಕೆಳಗಿತ್ತು.

ನಾಟಕದ ದಿನ ನಾನು ಬಯಲಲ್ಲಿ, ಸೈಡ್ ವಿಂಗಿನ ಹಿಂದೆ, ಬೂಸ್ಟರಿನ ಪಕ್ಕದಲ್ಲಿ ಕೂತೆ. ಆ ತುದಿಯ ಚಿತ್ರ ನನಗೆ ಕಾಣುವ ಹಾಗಿರಲಿಲ್ಲ. ಪೆಟ್ಟಿಗೆ ನುಡಿಯುತ್ತಿದೆ ಎಂದರೆ ಚಿತ್ರ ಇದೆ ಎಂದುಕೊಳ್ಳಬೇಕು. ಹಾಗೆ ಕೈಕಟ್ಟಿ ಕೂರುವುದಕ್ಕಿಂತ ಗಿರಣಿಯ ಅಕ್ಕಿ ಮೂಟೆ ಹೊರುವುದು ಮೇಲು ಅನ್ನಿಸಿತು. ಒಂದೊಂದು ಹಾಡಿಗೂ ಕಿವಿ ನಿಮಿರಿಸಿಕೊಂಡು, ಟೇಪಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಬೆಳಗಿನ ದೃಶ್ಯಗಳು ಸಾಗಿದವು. ಹತ್ತಾಯಿತು, ಹನ್ನೊಂದಾಯಿತು. ಪೆಟ್ಟಿಗೆ ಎಲ್ಲೂ ತಡವರಿಸಲಿಲ್ಲ. ಹಿತ್ತಲುಗಳಲ್ಲಿ ಯಾರೂ ನಮ್ಮ ಲೈನಿಗೆ ಬಟ್ಟೆ ಹಾಕಿರಲಿಲ್ಲ ಎಂದು ಆಮೇಲೆ ತಿಳಿಯಿತು.

ರಾಜಪಾರ್ಟಿನ ದೊಡ್ಡ ಹಾಡು ಮಧ್ಯಾಹ್ನ ಬಂತು. ಅವರು ರಂಗದ ನಡುವೆ ಬಂದು ನಿಂತು ಜನರತ್ತ ಒಮ್ಮೆ ನೋಡಿದರು. ಉಸಿರು ಎಳೆದುಕೊಂಡರು. ಅವರು ಬಾಯಿ ಬಿಟ್ಟದ್ದೂ ಪೆಟ್ಟಿಗೆ ಬಂದದ್ದೂ ಒಟ್ಟಿಗೇ. ದಿನವೂ ಅಭ್ಯಾಸ ಮಾಡಿದ್ದಕ್ಕಿಂತ ಒಂದು ಮನೆ ಮೇಲೆ ಎತ್ತಿದ್ದರು. ಅದು ನನಗೆ ಗೊತ್ತಾಗಲಿಲ್ಲ, ತಬಲದವನು ನನ್ನ ಕಡೆ ತಿರುಗಿ ಒಂದು ಬೆರಳು ಮೇಲೆತ್ತಿ ತೋರಿಸಿದ. ಮೇಷ್ಟ್ರು ಆ ಮನೆಯಲ್ಲಿ ಮೊದಲೇ ಕೂತಿದ್ದರು. ನನಗೆ ಎಷ್ಟೋ ದಿನದ ಮೇಲೆ ಬೆನ್ನು ಕುರ್ಚಿಗೆ ತಾಗಿತು.

ಹಾಡು ಮುಗಿದಾಗ ಶಾಮಿಯಾನದೊಳಗಿಂದ "ಒನ್ಸ್ ಮೋರ್" ಎಂದು ಕೂಗು ಎದ್ದಿತು. ಹಾಗೆ ಕೂಗಿದರೆ ಪಾರ್ಟುದಾರ ಅದೇ ಹಾಡನ್ನು ಮತ್ತೆ ಹಾಡಬೇಕು. ಹಾಡುವ ಮುನ್ನ ರಂಗದ ಪಕ್ಕ ಕೂತ ಮೇಷ್ಟ್ರ ಕಡೆ ತಿರುಗಿ ಕೈಮುಗಿಯಬೇಕು. ರಾಜಪಾರ್ಟು ಅಭ್ಯಾಸಬಲದಿಂದ ಆ ಕಡೆ ತಿರುಗಿದರು. ಅಲ್ಲಿ ತಬಲ ಮಾತ್ರ ಇತ್ತು. ಆಮೇಲೆ ನೇರ ನಡೆದು ನನ್ನ ಕ್ಯಾಮೆರಾದ ಮುಂದೆ ಬಂದರು. ಕಿರೀಟ ತೆಗೆದು ಎದೆಗೆ ಹಿಡಿದು, ತಲೆ ಬಗ್ಗಿಸಿದರು. ವಾಪಸು ಹೋಗಿ ಮತ್ತೆ ನಡುವೆ ನಿಂತು, ಶ್ರುತಿಗೆ ಕಾದರು.

ಪೆಟ್ಟಿಗೆ ಬರಲಿಲ್ಲ.

ತಬಲದವನು ನನ್ನನ್ನು ನೋಡಿದ. ಮ್ಯಾನೇಜರು ವಿಂಗಿನ ಆ ಬದಿಯಿಂದ ಕೈಯಲ್ಲೇ ಏನಾಯ್ತು ಎಂದು ಕೇಳಿದರು. ನಾನು ಕನೆಕ್ಟರು ಮುಟ್ಟಿ ನೋಡಿದೆ, ಬೂಸ್ಟರಿನ ದೀಪ ಉರಿಯುತ್ತಿತ್ತು. ಟೇಪು ಕಿತ್ತು ಗುಂಡಿ ಹಿಡಿದುಕೊಂಡೆ. ಏರಿಸುವುದೋ ಇಳಿಸುವುದೋ ಗೊತ್ತಾಗಲಿಲ್ಲ. ಮೇಷ್ಟ್ರ ಮಗಳಿಗೆ ಫೋನು ಮಾಡಿದೆ. ಅವಳ ಕೈ ತಿದಿಯ ಮೇಲಿರುತ್ತದೆ, ಎತ್ತಲಿಲ್ಲ. ಮತ್ತೆ ಮಾಡಿದಾಗ ಎತ್ತಿದಳು.

"ಲೈನ್ ಓಯ್ತಾ?" ಎಂದೆ. "ಬಣ್ಣ ಓಯ್ತಾ? ಯೋಳು, ಗುಂಡಿ ಹಿಡ್ದಿವ್ನಿ."

"ಗುಂಡಿ ಮುಟ್ಬೇಡ ಅಣ್ಣ" ಎಂದಳು. "ಲೈನು ಸರ್ಯಾಗೈತೆ. ಅಪ್ಪಂಗೇ ಕಾಣ್ತಿಲ್ಲ. ತಡಿ, ಕಣ್ ಒರುಸ್ತಾವ್ನಿ."